ಮೋನಾಕ ತೋರಿಸಿದ ಕಲ್ಲುಗಳು

ಹಿಮ್ಮಡಿಯಿಂದ ಮರಳನ್ನು ಕುಟ್ಟಿ ನೋಡದೆ ಮೋನಾಕ ಗಾಡಿ ಮುಂದೆ ಬಿಡುತ್ತಿರಲಿಲ್ಲ. ಇಳಿದು, ಚಪ್ಪಲಿ ಕಳಚಿ, ಎರಡು ಕುಟ್ಟು. "ಇಲ್ಲಿ ಹೂಳ್ತದೆ ಸಾರ್, ಬಲಕ್ಕೆ ಹೋಗುವ" ಎನ್ನುತ್ತಿದ್ದರು. ಒಮ್ಮೆ ನಾನು ಕೇಳದೆ ನೇರ ಬಿಡಿಸಿದೆ. ಗಾಡಿ ಮಧ್ಯಾಹ್ನದವರೆಗೆ ಹೂತುಕೊಂಡಿತು. ಅವರು ಬೈಯಲಿಲ್ಲ, ನೆರಳಲ್ಲಿ ಕೂತು ಖುಬ್ಬುಸ್ ರೊಟ್ಟಿ ತಿಂದರು.

ಉಳ್ಳಾಲದ ಬ್ಯಾರಿ. ಗಲ್ಫಿನಲ್ಲಿ, ವಫ್ರಾದ ತೋಟಗಳಾಚೆಯ ಮರುಭೂಮಿಯ ಒಂದು ಸಣ್ಣ ಹಳ್ಳಿಗೆ ಹರೆಯದಿಂದಲೂ ನೀರಿನ ಟ್ಯಾಂಕರ್ ಓಡಿಸಿದವರು. ಆ ಹಳ್ಳಿಗೆ ಹೊಸ ರಸ್ತೆ ಬರಲಿತ್ತು. ಸರ್ವೆಗೆ ಹೋದ ನನಗೆ ಅವರನ್ನೇ ಡ್ರೈವರಾಗಿ ಕೊಟ್ಟರು. ನಾನು ನಮ್ಮ ಮನೆಯ ಮೊದಲ ಪದವೀಧರ, ಅಮ್ಮ ಬೀಡಿ ಕಟ್ಟಿ ಓದಿಸಿದ ಇಂಜಿನಿಯರ್. ಆ ಹೆಮ್ಮೆ ಈಗಲೂ ಇದೆ. ಆಗ ಸ್ವಲ್ಪ ಹೆಚ್ಚೇ ಇತ್ತು.

ಹಳ್ಳಿಯ ಚರಿತ್ರೆಯನ್ನು ಅವರು ನೀರಿನಿಂದಲೇ ಹೇಳುತ್ತಿದ್ದರು. ಮೊದಲು ಏಳೆಂಟು ಡೇರೆ, ಉಪ್ಪು ನೀರಿನ ಒಂದು ಬಾವಿ, ತಗಡಿನ ಮಸೀದಿ. ವಾರಕ್ಕೆರಡು ಸಲ ಟ್ಯಾಂಕರ್. ಆಮೇಲೆ ಸಿಮೆಂಟು ಇಟ್ಟಿಗೆಯ ಮನೆಗಳು, ಪ್ರತಿ ಮಾಡಿನ ಮೇಲೂ ಒಂದು ತೊಟ್ಟಿ. ಕರೆಂಟು ಬಂತು, ಶಾಲೆ ಬಂತು, ಸಹಕಾರಿ ಅಂಗಡಿ ಬಂತು. ಕೊನೆಗೆ ಪೈಪಿನಲ್ಲಿ ನೀರು ಬಂತು, ಟ್ಯಾಂಕರ್ ಖಲಾಸ್. "ಊರು ದೊಡ್ಡದಾಯ್ತು, ನಾನು ಸಣ್ಣದಾದೆ" ಎಂದು ನಗುತ್ತಿದ್ದರು.

ಆ ಊರಲ್ಲಿ ಒಂದು ಕ್ರಮವಿತ್ತಂತೆ. ಸಾವಾದ ಮನೆಗೆ ಮೊದಲು ನೀರು; ಮಯ್ಯತ್ತಿನ ಸ್ನಾನ ಮುಗಿಯದೆ ಬೇರೆ ಯಾರೂ ಕೊಡ ಹಿಡಿಯುವಂತಿಲ್ಲ. ಹಾಗಾಗಿ ಅಲ್ಲಿ ಯಾರು ಯಾವಾಗ ಸತ್ತರು, ಎಲ್ಲಿ ಮಲಗಿದ್ದಾರೆ ಎಂಬುದು ಅವರಿಗೆ ಗೊತ್ತಿತ್ತು.

ಹಳ್ಳಿಯ ಪಶ್ಚಿಮಕ್ಕೆ ಒಂದು ಬಯಲು. ನಾನು ಅಲ್ಲಿ ಸರ್ವೆ ಯಂತ್ರದ ಮುಕ್ಕಾಲಿ ಊರಿದೆ. ಮೋನಾಕ ದೂರದಲ್ಲೇ ನಿಂತರು.

"ಸಾರ್, ಅಲ್ಲಿಂದ ಬನ್ನಿ. ನೀವು ನಿಂತದ್ದು ಖಬರಿನ ಮೇಲೆ."

ನನಗೆ ಗೋರಿಯೇನೂ ಕಾಣಲಿಲ್ಲ, ಕಂಡದ್ದು ಅಲ್ಲಲ್ಲಿ ಜೋಡಿ ಕಲ್ಲುಗಳು ಮಾತ್ರ. ಹೆಸರಿಲ್ಲ, ಗೋಡೆಯಿಲ್ಲ. ಈ ಊರಿನವರಲ್ಲಿ ಹಾಗೆಯೇ ಎಂದರು ಮೋನಾಕ: ತಲೆಗೊಂದು ಕಲ್ಲು, ಕಾಲಿಗೊಂದು ಕಲ್ಲು, ಹೆಸರು ಬರೆಯುವುದಿಲ್ಲ. ಆಮೇಲೆ ಒಂದು ಜೋಡಿಯನ್ನು ತೋರಿಸಿದರು.

"ಇದು ನಮ್ಮ ಹಂಝ. ಅಕ್ಕನ ಗಂಡ. ಟ್ಯಾಂಕರ್ ಮಗುಚಿದ್ದು. ಬಿರುಗಾಳಿಗೆ ಸಿಟಿಯ ದಾರಿ ಮುಚ್ಚಿತ್ತು, ಈ ಊರಿನವರೇ ತಮ್ಮವರ ಖಬರುಗಳ ಪಕ್ಕ ಮಣ್ಣು ಮಾಡಿದ್ರು. ಅಕ್ಕ ಇವತ್ತಿಗೂ ಕೇಳ್ತಾಳೆ, ಕಲ್ಲು ಉಂಟಾ ಅಂತ. ನಿಮ್ಮ ನಕ್ಷೆಯಲ್ಲಿ ಇದನ್ನು ಹಾಕಿ ಸಾರ್. ಹಾಕಿದ್ರೆ ರಸ್ತೆ ಬಳಸಿಕೊಂಡು ಹೋಗ್ತದಲ್ಲ?"

ಹೋಗುತ್ತದೆ ಎಂದೆ. ಊರಿನ ಹೊಸ ಮನೆಗಳಲ್ಲಿ ವಿಚಾರಿಸಿದೆ. ಯುವಕರು ಭುಜ ಹಾರಿಸಿದರು. ತಿಳಿದ ಅಜ್ಜಂದಿರು ಉಳಿದಿರಲಿಲ್ಲ. ಷರಾ ಅಂಕಣದಲ್ಲಿ ಒಂದು ಸಾಲು ಬರೆದಿದ್ದರೆ ಸಾಕಿತ್ತು: ಹಳೆಯ ಸಮಾಧಿಗಳು, ಡ್ರೈವರ್ ಹೇಳಿಕೆ. ಪೆನ್ನು ತೆಗೆದೆ. ಟ್ಯಾಂಕರ್ ಡ್ರೈವರನ ಮಾತನ್ನು ಆಧಾರವೆಂದು ಕೊಟ್ಟರೆ ಆಫೀಸಿನಲ್ಲಿ ನಗುತ್ತಾರೆ ಅನ್ನಿಸಿತು. ಕಾಗದಪತ್ರ ಸಿಕ್ಕಿದ ಮೇಲೆ ಸೇರಿಸೋಣವೆಂದು "ಖಾಲಿ ಜಾಗ" ಎಂದು ಬರೆದೆ. ಕಾಗದಪತ್ರವನ್ನು ನಾನು ಹುಡುಕಲೂ ಇಲ್ಲ.

ಮೋನಾಕನಿಗೆ ಅರವತ್ತು ದಾಟಿತ್ತು. ಆ ವರ್ಷ ಅವರ ಇಕಾಮಾ, ಅಂದರೆ ಅಲ್ಲಿ ಇರುವ ಪರವಾನಗಿ, ನವೀಕರಿಸಲು ಕೆಲಸಕ್ಕೆ ಕರೆಸಿಕೊಂಡ ಕಫೀಲ್ ಒಪ್ಪಲಿಲ್ಲ. ಉಳ್ಳಾಲಕ್ಕೆ ಹೊರಡುವ ಮುಂಚೆ ಸಿಟಿಗೆ, ಹವಲ್ಲಿಯ ನನ್ನ ರೂಮಿಗೆ ಬಂದು ಚಹಾ ಕುಡಿದರು. ಗೋಡೆಗೆ ತೂಗುಹಾಕಿದ್ದ ನನ್ನ ಪದವಿಪತ್ರವನ್ನು ತುಂಬ ಹೊತ್ತು ನೋಡಿದರು.

"ಅರವತ್ತು ದಾಟಿದ್ರೂ ಡಿಗ್ರಿ ಇದ್ದವರ ಇಕಾಮಾಕ್ಕೆ ಇಷ್ಟು ತಕರಾರು ಇಲ್ಲವಂತೆ. ಇದ್ರಲ್ಲಿ ಒಂದು ತುಂಡು ನನಗೂ ಹರಿದು ಕೊಡಿ ಮಾರಾಯ್ರೆ."

ಇಬ್ಬರೂ ನಕ್ಕೆವು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, ನಕ್ಷೆಯಲ್ಲಿ ಹಾಕಿದಿರಲ್ಲ ಎಂದು ಕೇಳಿದರು. ಹಾಕಿದೆ ಎಂದೆ.

ಮುಂದಿನ ಚಳಿಗಾಲ ಆ ಕಡೆ ಹೋದಾಗ ರಸ್ತೆ ಮುಗಿದಿತ್ತು. ನೇರ, ನುಣುಪು, ನಾನು ಎಳೆದ ಗೆರೆಯಂತೆಯೇ. ಅಂದು ಅಳೆದಿಟ್ಟಿದ್ದ ಹಂಝನ ಜಾಗ ಎಲ್ಲೆಂದು ನನ್ನ ಯಂತ್ರ ಅಂಗುಲ ತಪ್ಪದೆ ತೋರಿಸಿತು. ಅದರ ಮೇಲೆ ಲಾರಿಗಳು ಹೋಗುತ್ತಿದ್ದವು.

ಅದೇ ವಾರ ಉಳ್ಳಾಲದಿಂದ ಫೋನು. ಮೋನಾಕನ ಧ್ವನಿ ಸೋತಿತ್ತು. ಆಸ್ಪತ್ರೆಯಿಂದ ಬಂದದ್ದಷ್ಟೇ ಅಂದರು. ಅಕ್ಕ ಪಕ್ಕದಲ್ಲೇ ಕೂತಿದ್ದಾಳೆ ಅಂದರು.

"ಕಲ್ಲು ಉಂಟಲ್ಲ ಸಾರ್?"

"ಉಂಟು."

"ಎರಡೂ?"

"ಎರಡೂ ಉಂಟು."

ಅವರು ಬ್ಯಾರಿಯಲ್ಲಿ ಅಕ್ಕನಿಗೆ ಹೇಳಿದ್ದು ಕೇಳಿಸಿತು. ಆಕೆ ಏನೋ ಅಂದರು. "ನಿಮಗೆ ದುವಾ ಮಾಡ್ತಾಳಂತೆ" ಎಂದರು ಮೋನಾಕ. ತಿಂಗಳೊಳಗೆ ಅವರೂ ಹೋದರು. ಆಕೆ ಇನ್ನೂ ಇದ್ದಾರೆ.