ಹುರಳಿ ಹಾಸಿದ ರಸ್ತೆಯಲ್ಲಿ ರೋಟರಿ ಕಾರು

2022ರಲ್ಲಿ, ಮಳೆಗಾಲ ಮುಗಿಯುವ ಹೊತ್ತಿಗೆ, ಮಹಾರಾಷ್ಟ್ರದ ಗಡಿಯೊಳಗಿನ ಜತ್ತದಲ್ಲಿ ತಂದೆಯವರ ಗ್ಯಾರೇಜನ್ನು ನಾನು ನಡೆಸತೊಡಗಿ ಹನ್ನೊಂದು ವರ್ಷವಾಗಿತ್ತು. ಅದಕ್ಕೂ ಮುಂಚೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಪುಣೆಯ ಒಂದು ಕಾರ್ಖಾನೆಯಲ್ಲಿ ಎಂಜಿನ್ ಪರೀಕ್ಷಿಸುವ ಕೆಲಸ ಮಾಡಿದ್ದೆ. ಇಷ್ಟಾದರೂ ಹೊಸ ಗಿರಾಕಿ ಬಂದರೆ ನನ್ನ ಮುಖ ನೋಡಿ ಕೇಳುವ ಮೊದಲ ಪ್ರಶ್ನೆ, "ಮಿಸ್ತ್ರಿ ಎಲ್ಲಿ ಅದಾನ್ರಿ?" ಎಂದೇ. "ನಾನ ಮಿಸ್ತ್ರಿ, ಕುಂದ್ರಿ" ಎಂದು ಹೇಳಿ ಹೇಳಿ ನನಗೆ ಸಾಕಾಗಿತ್ತು.

ಈ ಪ್ರಶ್ನೆ ಕೇಳದೆ ನೇರವಾಗಿ ಒಳಗೆ ಬಂದವನು ರಿಯಾಜ. ಶೇಗಾಂವದ ತೋಟಗಳಿಂದ ದಾಳಿಂಬೆ ಕೊಂಡು ಹೊರಗೆ ಕಳಿಸುವ ವ್ಯಾಪಾರಿ, ಮನೆ ಜತ್ತದಲ್ಲಿ. ಅವನ ಹಿಂದೆ ಒಂದು ಲಾರಿಯ ಮೇಲೆ ಕೆಂಪು ಬಣ್ಣದ ಜಪಾನಿ ಸ್ಪೋರ್ಟ್ಸ್ ಕಾರು ಕೂತಿತ್ತು. ವಿದೇಶದಿಂದ ಮರಳಿದ ಒಬ್ಬರು ತಮ್ಮ ಸಾಮಾನಿನ ಜೊತೆ ತಂದಿದ್ದ ಕಾರು ಅದು. ಮುಂಬೈಯಲ್ಲಿ ವರ್ಷಗಟ್ಟಲೆ ನಿಂತಲ್ಲೇ ನಿಂತಿದ್ದನ್ನು ಇವನು ಕೊಂಡಿದ್ದ.

"ಅಕ್ಕಾರ, ಇದನ್ನ ದಿನಾ ಓಡಸೂವಂಗ ಮಾಡಿಕೊಡ್ರಿ. ಜೋರೂ ಓಡಬೇಕು, ದಾರ್ಯಾಗ ಕೈನೂ ಕೊಡಬಾರದು."

"ಶರ್ಯತ್ತಿನ ಎತ್ತು ತಂದು ಗಾಣಕ್ಕ ಹೂಡ್ರಿ ಅಂದಂಗಾತಲ್ಲೋ."

"ಅದಕ್ಕ ನಿಮ್ಮ ಕಡೆ ತಂದೀನ್ರಿ. ಸಾದಾ ಮಿಸ್ತ್ರಿ ಆಗಿದ್ರ ಬಾನೆಟ್ ತಗದು ಪಿಸ್ಟನ್ ಹುಡುಕ್ಕೋತ ಕುಂದ್ರತಿದ್ದ."

ಆ ಮಾತು ಮಾತ್ರ ನಿಜ. ರೋಟರಿ ಎಂಜಿನ್ನಿನಲ್ಲಿ ಪಿಸ್ಟನ್ ಇರುವುದಿಲ್ಲ, ವಾಲ್ವ್ ಇರುವುದಿಲ್ಲ. ರೇಷ್ಮೆಗೂಡಿನ ಆಕಾರದ ಪೊಟರೆಯೊಳಗೆ ಮೂರು ಮೂಲೆಯ ಉಬ್ಬಿದ ತ್ರಿಕೋನವೊಂದು ತಿರುಗುತ್ತದೆ. ಅದೇ ರೋಟರ್. ಈ ಕಾರಿನಲ್ಲಿ ಅಂಥವು ಎರಡು. ಮೂಲೆಗಳಲ್ಲಿ ಬೆರಳುದ್ದದ ಪಟ್ಟಿಗಳಿದ್ದು, ಅವು ಗೋಡೆಗೆ ಉಜ್ಜುತ್ತ ಗಾಳಿ ಸೋರದಂತೆ ತಡೆಯುತ್ತವೆ. ಇವಕ್ಕೆ ಏಪೆಕ್ಸ್ ಸೀಲ್ ಎನ್ನುತ್ತಾರೆ. ಇವು ಒಣಗಬಾರದೆಂದು ಎಂಜಿನ್ ತನ್ನ ಆಯಿಲನ್ನು ತಾನೇ ಸ್ವಲ್ಪ ಸ್ವಲ್ಪ ಸುಡುತ್ತದೆ. ಗಾತ್ರ ಬರೀ 1.3 ಲೀಟರ್, ಶಕ್ತಿ ಇನ್ನೂರಕ್ಕೂ ಹೆಚ್ಚು ಹಾರ್ಸ್‌ಪವರ್. ಅದಕ್ಕೆ ತಕ್ಕ ಬೆಲೆಯನ್ನು ಅದು ಶಾಖದಲ್ಲಿ ತೆರುತ್ತದೆ. ಭಾರ ಬಿದ್ದಾಗ ಸೈಲೆನ್ಸರಿನತ್ತ ಹೋಗುವ ಹೊಗೆ ಒಂಬೈನೂರು ಡಿಗ್ರಿಯ ಆಸುಪಾಸು ಇರುತ್ತದೆ. ಈ ಸಂಖ್ಯೆ ನನಗೆ ಕಾಲೇಜಿನ ದಿನಗಳಿಂದ ಬಾಯಿಪಾಠ.

ದಿನಾ ಓಡಬೇಕೆಂಬ ಹಟಕ್ಕೆ ಕಾರಣ ಅವನ ಹೆಂಡತಿ ಶಬಾನಾ. ಅಸಂಗಿಯ ಕನ್ನಡ ಸಾಲೆಯಲ್ಲಿ ಆಕೆ ಟೀಚರು, ಊರವರ ಬಾಯಲ್ಲಿ ಬಾಯಾರು. ಎರಡನೆಯ ಸಲ ರಿಯಾಜ ಬಂದಾಗ ಆಕೆಯೂ ಬಂದಿದ್ದಳು. ಕಾರಿನ ಸುತ್ತ ಒಮ್ಮೆ ನಡೆದು, ಗಂಡನಿಗೆ ಕೇಳುವಂತೆ ನನಗೆ ಹೇಳಿದಳು: "ಒಂದ ತಿಂಗಳ ಟೈಮ್ ಕೊಟ್ಟೀನ್ರಿ. ದಿನಾ ನನ್ನ ಸುಖರೂಪ ಸಾಲಿಗೆ ಮುಟ್ಟಸಬೇಕು. ಒಂದ ದಿನ ತಡಾ ಆದ್ರೂ ಇದನ್ನ ಮಾರಿ ಸಾದಾ ಕಾರ್ ತಗೊಳ್ಳೂದು. ನೀವ ಸಾಕ್ಷಿ."

ಎರಡು ತಿಂಗಳು ಕೆಲಸ ನಡೆಯಿತು. ದೊಡ್ಡ ಅಲ್ಯೂಮಿನಿಯಮ್ ರೇಡಿಯೇಟರ್ ಕೂರಿಸಿದೆ, ಎರಡನೆಯ ಆಯಿಲ್ ಕೂಲರ್ ಹಾಕಿದೆ, ಇಗ್ನಿಷನ್ ಕಾಯಿಲುಗಳನ್ನು ಬದಲಿಸಿದೆ. ಒಂದು ಲೀಟರ್ ಪೆಟ್ರೋಲಿಗೆ ಐದು ಮಿಲಿಲೀಟರಿನಂತೆ ಟೂ-ಸ್ಟ್ರೋಕ್ ಆಯಿಲ್ ಬೆರೆಸುವ ರೂಢಿ ಕಲಿಸಿದೆ. ನೀರಿನ ಶಾಖ, ಆಯಿಲಿನ ಶಾಖ ತೋರಿಸುವ ಎರಡು ಹೊಸ ಗೇಜು ಕೂರಿಸಿದೆ. ನಮ್ಮ ಧೂಳಿಗೆ ತಾಳುವ ಏರ್ ಫಿಲ್ಟರ್ ಹುಡುಕಿದೆ.

ಎಂಜಿನ್ನಿಗಿಂತ ಹೆಚ್ಚು ನನ್ನನ್ನು ಗೋಳಾಡಿಸಿದವನು ರಿಯಾಜ. ರೋಟರಿಯನ್ನು ಚಾಲೂ ಮಾಡಿದರೆ ಬಿಸಿಯಾಗುವವರೆಗೆ ಬಂದ್ ಮಾಡಬಾರದು, ಮಾಡಿದರೆ ಒಳಗೆ ಪೆಟ್ರೋಲ್ ತುಂಬಿ ಮತ್ತೆ ಎದ್ದೇಳುವುದಿಲ್ಲ ಎಂದು ಎಷ್ಟು ಸಲ ಹೇಳಿದ್ದೆನೋ. ಅವನು ಬಂದಾಗಲೆಲ್ಲ ಗೆಳೆಯರಿಗೆ ಸದ್ದು ಕೇಳಿಸಲು ಚಾಲೂ ಮಾಡುವನು, ಹತ್ತು ಫೂಟು ಸರಿಸುವನು, ಬಂದ್ ಮಾಡುವನು. ಆಮೇಲೆ ನಾನು ಪ್ಲಗ್ಗು ಬಿಚ್ಚಿ ಒಣಗಿಸುತ್ತ ಕೂರಬೇಕು. ಇದು ಸಾಲದೆಂಬಂತೆ ರೇಸಿನವರು ಕಟ್ಟಿಕೊಳ್ಳುವ ನಾಲ್ಕು ಪಟ್ಟಿಯ ಹಾರ್ನೆಸ್ ಬೆಲ್ಟು ತಂದ. ಎದೆಯ ಮುಂದೆ ದುಂಡನೆಯ ಬಕಲ್ಲು. ಅದನ್ನು ಒತ್ತಿದರೆ ಬಿಚ್ಚುವುದಿಲ್ಲ, ತಿರುವಬೇಕು.

"ಸಾಲಿಗೆ ಹೋಗೂ ಬಾಯಾರಿಗೆ ಇದ್ಯಾತಕ್ಕೋ ತಮ್ಮಾ?"

"ಸೇಫ್ಟಿ ಅಕ್ಕಾರ, ಸೇಫ್ಟಿ!"

ವಾದಿಸುವ ತಾಳ್ಮೆ ಮುಗಿದಿತ್ತು. ಹಾಕಿಕೊಟ್ಟೆ. ಶಬಾನಾಳಿಗೆ ಅದನ್ನು ಕಟ್ಟುವವನೂ ಬಿಚ್ಚುವವನೂ ದಿನಾ ರಿಯಾಜನೇ ಆದ.

ಇನ್ನೊಂದು ಕೆಲಸವನ್ನು ಯಾರ ಒತ್ತಾಯವೂ ಇಲ್ಲದೆ ನಾನೇ ಮಾಡಿದೆ. ಕಾರು ತೀರ ತಗ್ಗು. ನಮ್ಮ ರಸ್ತೆಯ ಪ್ರತಿ ಸ್ಪೀಡ್‌ಬ್ರೇಕರಿಗೂ ಹೊಟ್ಟೆ ಉಜ್ಜುತ್ತಿತ್ತು. ಸ್ಪ್ರಿಂಗ್ ಬದಲಿಸಿ ಮೂವತ್ತು ಮಿಲಿಮೀಟರ್ ಎತ್ತರಿಸಿದೆ. ಆದರೂ ಕೆಟಲಿಟಿಕ್ ಕನ್ವರ್ಟರಿನ, ಅಂದರೆ ಹೊಗೆಯ ವಿಷ ಕಡಿಮೆ ಮಾಡುವ ಡಬ್ಬಿಯ, ಕೆಳಗಿದ್ದ ತಗಡಿನ ಕವಚ ತಾಗುತ್ತಲೇ ಇತ್ತು. ಅದರ ಬೋಲ್ಟುಗಳು ತುಕ್ಕು ಹಿಡಿದು ಗಡಗಡ ಸದ್ದು ಬೇರೆ. ಬಿಚ್ಚಿ ಮೂಲೆಗೆ ಎಸೆದೆ. ಗಾಳಿ ಚೆನ್ನಾಗಿ ಆಡಿದರೆ ತಂಪಾಗಿರುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಡಿಸೆಂಬರಿನಲ್ಲಿ ಶಬಾನಾಳ ತಿಂಗಳು ಶುರುವಾಯಿತು. ಹದಿನೈದು ದಿನ ಕಾರು ಗಡಿಯಾರದಂತೆ ಓಡಿತು. ನೀರಿನ ಶಾಖ 92 ಡಿಗ್ರಿ ದಾಟಲಿಲ್ಲ. ನನಗೂ ಒಳಗೊಳಗೆ ಹೆಮ್ಮೆ. ಹದಿನಾರನೆಯ ದಿನ ರಿಯಾಜ ಫೋನ್ ಮಾಡಿದ: "ಅಕ್ಕಾರ, ಏನೋ ಸುಟ್ಟ ವಾಸನಿ ಬರಾಕತ್ತೈತ್ರಿ."

"ಆಯಿಲ್ ಸುಡೂದು ಆ ಎಂಜಿನ್ನಿನ ಧರ್ಮ. ಸುಮ್ನ ಓಡಿಸು."

ಎರಡು ದಿನ ಬಿಟ್ಟು ಮತ್ತೆ ಅದೇ ದೂರು. ಅವನ ಇಪ್ಪತ್ತು ಅನಗತ್ಯ ಫೋನುಗಳ ನಡುವೆ ಇದೂ ಒಂದೆಂದು ಬೈದುಕೊಂಡೇ, ಮರುದಿನ ಬೆಳಿಗ್ಗೆ ನನ್ನ ಪಿಕಪ್ಪಿನಲ್ಲಿ ಅವರ ಬೆನ್ನು ಹತ್ತಿದೆ.

ಅಸಂಗಿಯ ದಾರಿಯಲ್ಲಿ ಒಂದು ಕಡೆ ಡಾಂಬರಿನ ತುಂಬ ಹುರಳಿ ಬಳ್ಳಿ ಹಾಸಿದ್ದರು. ನಮ್ಮ ಕಡೆ ಇದು ಹೊಸದಲ್ಲ. ಸುಗ್ಗಿಯಲ್ಲಿ ಹುರಳಿ, ತೊಗರಿ ಕಿತ್ತು ರಸ್ತೆಗೆ ಹಾಸುತ್ತಾರೆ, ಹೋಗಿಬರುವ ಗಾಡಿಗಳೇ ತುಳಿದು ಕಾಳು ಉದುರಿಸುತ್ತವೆ. ಹಾಸಿದವಳು ನೀಲವ್ವ ಎಂಬ ಹಿರಿಯಳು, ಅವಳ ಮೊಮ್ಮಗ ಶಬಾನಾಳ ವಿದ್ಯಾರ್ಥಿ. ಕೆಂಪು ಕಾರು ಕಂಡಿದ್ದೇ ರಸ್ತೆಯ ಬದಿಗೆ ನಿಂತು ಸೆರಗು ಬೀಸಿದಳು.

"ಬರ್ರಿ ಬಾಯಾರ, ಬರ್ರಿ! ತಮ್ಮಾ, ನಿನ್ನೆಗತೆ ಇನ್ನೆರಡ ಸುತ್ತ ಹೊಡಿಯಪಾ! ನಿನ್ನ ಗಾಡಿ ಭಾಳ ಚಲೋ ತುಳೀತೈತಿ!"

"ಹೊಡ್ಯೂಣ ಆಯಿ, ನಿನಗಿಲ್ಲ ಅಂತೀನೇನು!" ಎಂದು ರಿಯಾಜ ಹಿಂದೆ ಮುಂದೆ, ಹಿಂದೆ ಮುಂದೆ ಮೂರು ಸಲ ಓಡಿಸಿದ. ದಿನಾ ಇದೇ ಸೇವೆ ನಡೆದಿತ್ತೆಂದು ನನಗೆ ಆಗ ತಿಳಿಯಿತು. ತಗ್ಗು ಕಾರಿನ ಹೊಟ್ಟೆಯ ಕೆಳಗೆ ಒಣ ಬಳ್ಳಿ ಸುತ್ತಿಕೊಳ್ಳುವುದು ಕಂಡಿತು. ಕವಚವಿಲ್ಲದ, ಕೆಂಡದಂತೆ ಕಾದ ಡಬ್ಬಿ ಕಣ್ಣ ಮುಂದೆ ಬಂತು. ನಾನು ಬಾಗಿಲು ತೆರೆದು ಕೂಗುವಷ್ಟರಲ್ಲಿ ಅವನು ಹೊರಟೇಬಿಟ್ಟ.

ಸ್ವಲ್ಪ ದೂರದಲ್ಲೇ ಕೆಳಗಿಂದ ಬಿಳಿ ಹೊಗೆ ಎದ್ದಿತು. ಹಾರ್ನ್ ಹೊಡೆದೆ, ದೀಪ ಮಿಣುಕಿಸಿದೆ. ಅವನು ಕಿಟಕಿಯಿಂದ ಕೈ ಆಡಿಸಿ ಇನ್ನೂ ಜೋರಾಗಿ ಓಡಿಸಿದ. ತಡವಾಯಿತೆಂದು ನಾನು ಅವಸರ ಮಾಡುತ್ತಿದ್ದೇನೆ ಎಂದುಕೊಂಡನಂತೆ! ಫೋನ್ ಮಾಡಿದೆ, ಎತ್ತಲಿಲ್ಲ. ಗೇಜು ನೋಡು ಎಂದು ದಾರಿಯಲ್ಲೆಲ್ಲ ಪೀಡಿಸುತ್ತೇನೆಂದು ನನ್ನ ನಂಬರನ್ನು ಸೈಲೆಂಟಿಗೆ ಹಾಕಿದ್ದನಂತೆ. ಓಟದ ಗಾಳಿಗೆ ಹೊಗೆಯ ನಡುವೆ ಜ್ವಾಲೆ ಕಂಡಿತು. ಆ ಕಾರನ್ನು ನನ್ನ ಪಿಕಪ್ಪು ಹಿಡಿಯುವ ಮಾತೇ ಇಲ್ಲ. ಹಿಡಿಯಲಾಗದಷ್ಟು ಚೆನ್ನಾಗಿ ಓಡುವಂತೆ ಮಾಡಿದವಳು ನಾನೇ.

ತಿರುವಿನಾಚೆ ಒಂದು ಕುರಿ ಹಿಂಡು ರಸ್ತೆ ದಾಟುತ್ತಿತ್ತು. ಅದರಿಂದಾಗಿ ಅವನು ನಿಂತ. ನಿಂತ ಮೇಲೆ ಹೊಗೆ ಕಂಡು, ಇಳಿದು ಓಡಿದ್ದು ಬಾನೆಟ್ಟಿನ ಕಡೆಗೆ. ಶಬಾನಾ ಒಳಗೇ ಇದ್ದಳು.

ನಾನು ಮುಟ್ಟುವ ಹೊತ್ತಿಗೆ ಆಕೆ ಆ ಬಕಲ್ಲನ್ನು ಎರಡೂ ಕೈಯಿಂದ ಎಳೆಯುತ್ತಿದ್ದಳು. ಬಾಗಿಲ ಕೆಳಗೆ ಬೆಂಕಿ ಚಟಚಟ ಎನ್ನುತ್ತಿತ್ತು.

"ಎಳೀಬ್ಯಾಡ್ರಿ! ತಿರುವ್ರಿ!"

ಆಕೆಗೆ ಕೇಳಿಸಲಿಲ್ಲ. ಇನ್ನೂ ಜೋರಾಗಿ ಎಳೆದಳು. ಒಳಗೆ ಬಗ್ಗಿ, ಆಕೆಯ ಕೈಗಳನ್ನು ಬಲವಂತವಾಗಿ ಸರಿಸಿ ಬಕಲ್ಲು ತಿರುವಿದೆ. ನಾಲ್ಕೂ ಪಟ್ಟಿ ಒಟ್ಟಿಗೆ ಕಳಚಿದವು. ಎಳೆದುಕೊಂಡು ಹೊರಗೆ ಬಿದ್ದೆವು. ಇಂದಿಗೂ ನಾನು ಒಬ್ಬಳೇ ಗಾಡಿ ಓಡಿಸುವಾಗ ಇದೊಂದೇ ದೃಶ್ಯ ಮರುಕಳಿಸುತ್ತದೆ. ಆಕೆ ಎಳೆಯುತ್ತಿರುವುದು, ನಾನು ತಿರುವ್ರಿ ಎಂದು ಕೂಗುತ್ತಿರುವುದು. ಕುರಿಗಳು ಇನ್ನೊಂದು ನಿಮಿಷ ತಡವಾಗಿ ಬಂದಿದ್ದರೆ ಎಂಬುದರಾಚೆ ಯೋಚನೆ ಮುಂದಕ್ಕೆ ಹೋಗುವುದಿಲ್ಲ.

ಪಿಕಪ್ಪಿನಲ್ಲಿದ್ದ ಬೆಂಕಿ ಆರಿಸುವ ಸಿಲಿಂಡರನ್ನು ಪೂರ್ತಿ ಖಾಲಿ ಮಾಡಿದೆ. ಆರಿದಂತೆ ಮಾಡಿ ಮತ್ತೆ ಹೊತ್ತಿತು, ಬಳ್ಳಿ ಅಷ್ಟು ಬಿಗಿಯಾಗಿ ಸುತ್ತಿತ್ತು. ಕುರಿಯವನು ಸೊಪ್ಪು ಕಡಿಯಲು ಉದ್ದನೆಯ ಕೋಲಿನ ತುದಿಗೆ ಕುಡಗೋಲು ಕಟ್ಟಿಕೊಂಡಿದ್ದ. ನೆಲಕ್ಕೆ ಮಲಗಿ ಅದರಿಂದಲೇ ಉರಿಯುವ ಬಳ್ಳಿಯನ್ನು ಕೊಕ್ಕೆ ಹಾಕಿ ಎಳೆದ. ಅವನು ಎಳೆದ ಬಳ್ಳಿಯ ಮೇಲೆ ನಾವು ಮಣ್ಣು ಸುರಿದೆವು. ಕೊನೆಗೂ ಬೆಂಕಿ ಪೆಟ್ರೋಲಿನ ಪೈಪಿಗೆ ಮುಟ್ಟದೆ ಆರಿತು.

ಜನ ಕೂಡಿದರು, ಹೊಗೆ ಕಂಡು ನೀಲವ್ವನೂ ಓಡಿಬಂದಳು. ರಿಯಾಜ ಅವಳ ಮೇಲೆ ಹರಿಹಾಯ್ದ. ರಸ್ತೆ ನಿಮ್ಮಪ್ಪನದೇನು ಎಂದ, ಪೊಲೀಸ್ ಕಂಪ್ಲೇಂಟ್ ಕೊಡುತ್ತೇನೆ ಎಂದ. ಸುತ್ತಲಿದ್ದವರೂ ತಲೆಯಾಡಿಸಿದರು. ನೀಲವ್ವ ಅಳಲಿಲ್ಲ, ಸೆರಗು ಸೊಂಟಕ್ಕೆ ಸಿಗಿಸಿದಳು.

"ನಾ ಸೊಸಿಯಾಗಿ ಬಂದಾಗಿಂದ ಇಲ್ಲೇ ಹಾಸೇನಿ. ಬಸ್ ಹೋತು, ಲಾರಿ ಹೋತು, ಟ್ರ್ಯಾಕ್ಟರ್ ಹೋತು. ಒಂದಕ್ಕರ ಬೆಂಕಿ ಹತ್ತಿತ್ತೇನು? ನಿನ್ನ ಗಾಡ್ಯಾಗ ಒಲಿ ಇಟ್ಟಾಂವ ಯಾರು?"

ಆ ಕ್ಷಣ ಸುಮ್ಮನಿದ್ದಿದ್ದರೆ ನನ್ನ ಹೆಸರು ಉಳಿಯುತ್ತಿತ್ತು. ಕಾನೂನು ನೋಡಿದರೆ ರಸ್ತೆಗೆ ಬೆಳೆ ಹಾಸುವುದು ತಪ್ಪೇ.

"ಆಕೀಗ ಬೈಬ್ಯಾಡ ರಿಯಾಜ. ಕಾರಿಗೆ ಕೆಳಗ ತಗಡ ಇತ್ತು. ಅದನ್ನ ಬಿಚ್ಚಿದಾಕಿ ನಾನು. ನೀ ವಾಸನಿ ಅಂದಾಗ ಸುಮ್ನ ಓಡಿಸು ಅಂದಾಕೀನೂ ನಾನ."

ರಿಯಾಜ ನನ್ನ ಕಡೆ ತಿರುಗಿದ. ಅವನ ಬಾಯಿಂದ ಬಂದ ಮಾತಿಗೆ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ: "ಎಂಜಿನ್ನಿಗೆ ಏನೂ ಆಗಿಲ್ಲಲ್ರಿ ಅಕ್ಕಾರ?"

ಏನೂ ಆಗಿರಲಿಲ್ಲ. ಗ್ಯಾರೇಜಿಗೆ ತಂದು ಪರೀಕ್ಷಿಸಿದರೆ ಎರಡೂ ರೋಟರುಗಳ ಒತ್ತಡ ಸರಿಸಮ. ನಾನು ಮಾಡಿದ ಮಾರ್ಪಾಡುಗಳೆಲ್ಲ ಲೆಕ್ಕ ಹಾಕಿದಂತೆಯೇ ಕೆಲಸ ಮಾಡಿದ್ದವು. ಆ ಯಶಸ್ಸನ್ನು ನೋಡಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಒಂದು ವಾರದ ಮೇಲೆ ಶಬಾನಾ ಒಬ್ಬಳೇ ಬಂದಳು. ಕಾರನ್ನು ಲಿಫ್ಟಿನ ಮೇಲೆ ಎತ್ತಿಸಿ ಅಡಿಯಲ್ಲಿ ನಿಂತು ನೋಡಿದಳು. ಮೂಲೆಯಲ್ಲಿದ್ದ ತುಕ್ಕು ತಗಡನ್ನು ಹುಡುಕಿ ತರಿಸಿಕೊಂಡಳು.

"ಇದು ಇಲ್ಲಿ ಯಾಕ ಇತ್ರಿ?"

"ಮ್ಯಾಲಿನ ಬಿಸಿ ಕೆಳಗಿನ ಹುಲ್ಲಿಗೆ ಮುಟ್ಟಬಾರದಂತ."

"ಬಿಚ್ಚೂಕಿಂತ ಮುಂಚೆ ಇದು ನಿಮಗ ಗೊತ್ತಿತ್ತು?"

"ಗೊತ್ತಿತ್ತು."

"ಮತ್ತ?"

ಸಾಲೆಯಲ್ಲಿ ಮನೆಪಾಠ ಮಾಡದೆ ಬಂದವರನ್ನು ಕೇಳುವ ಧಾಟಿಯಲ್ಲೇ ಕೇಳಿದಳು, ಸಿಟ್ಟಿನಿಂದಲ್ಲ. ಉತ್ತರವೂ ನನಗೆ ಗೊತ್ತಿತ್ತು, ಹೇಳಲು ನಾಚಿಕೆಯಾಯಿತು. ಧೂಳು, ಬಿಸಿಲು, ಪೆಟ್ರೋಲು, ಸ್ಪೀಡ್‌ಬ್ರೇಕರು ಎಲ್ಲವನ್ನೂ ನಾನು ಕಾಗದದ ಮೇಲೆ ಬರೆದಿದ್ದೆ. ಹುರಳಿ ಹಾಸಿದ ರಸ್ತೆಯನ್ನು ಬರೆದಿರಲಿಲ್ಲ. ಜಪಾನಿನಲ್ಲಿ ಕೂತು ಆ ಕವಚ ಹಾಕಿದವನಿಗೆ ಎಲ್ಲೋ ಒಂದು ಕಡೆ ಒಣಹುಲ್ಲು ಇರಬಹುದೆಂದು ಹೊಳೆದಿತ್ತು. ಆ ರಸ್ತೆಯ ಮೇಲೆಯೇ ಸೈಕಲ್ಲು ಕಲಿತು, ಪ್ರತಿ ಸುಗ್ಗಿಯಲ್ಲೂ ಕಾಳು ತುಳಿದು ಬೆಳೆದ ನನಗೆ ಹೊಳೆದಿರಲಿಲ್ಲ. ಅಷ್ಟು ಬಳಕೆಯಾಗಿದ್ದರಿಂದಲೇ ಅದು ಲೆಕ್ಕಕ್ಕೆ ಬರಲಿಲ್ಲ.

ಹೊಸ ಕವಚವನ್ನು ದಪ್ಪ ತಗಡಿನಲ್ಲಿ ಮಾಡಿಸಿ, ಬಳ್ಳಿ ಸಿಕ್ಕಿಕೊಳ್ಳದಂತೆ ಅಂಚು ಮಡಚಿ ಕೂರಿಸಿದೆ. ಹಾರ್ನೆಸ್ ಕಿತ್ತು ಹಳೆಯ ಬೆಲ್ಟು ಹಾಕಿದೆ. ಶಬಾನಾ ಅದನ್ನು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ, ಬಿಚ್ಚಿ ನೋಡಿದಳು. ಆದರೆ ಆ ಕಾರಿನಲ್ಲಿ ಮತ್ತೆ ಸಾಲೆಗೆ ಹೋಗಲಿಲ್ಲ. ರಿಯಾಜ ಅದನ್ನು ಮಾರಿದ. ಈಗ ಇಬ್ಬರೂ ಸಾದಾ ಕಾರಿನಲ್ಲಿ ಹೋಗುತ್ತಾರೆ.

ಅಂದಿನಿಂದ ನನ್ನ ಗ್ಯಾರೇಜಿನಲ್ಲಿ ಒಂದು ಕಟ್ಟಳೆಯಿದೆ. ಯಾವ ಗಾಡಿಯಿಂದಾಗಲಿ ಒಂದು ಭಾಗವನ್ನು ತೆಗೆದು ಮತ್ತೆ ಹಾಕುವುದಿಲ್ಲವೆಂದರೆ, ಅದು ಅಲ್ಲಿ ಯಾಕೆ ಇತ್ತು ಎಂಬುದನ್ನು ಮಾಲಕರಿಗಷ್ಟೇ ಅಲ್ಲ, ಆ ಗಾಡಿಯಲ್ಲಿ ಪಕ್ಕಕ್ಕೆ ಕೂರುವವರಿಗೂ ಹೇಳಬೇಕು. ಅವರು "ಮತ್ತ?" ಎಂದಾಗ ನನ್ನ ಬಳಿ ಉತ್ತರವಿಲ್ಲದಿದ್ದರೆ ಅದು ಇದ್ದಲ್ಲೇ ಇರುತ್ತದೆ, ಎಷ್ಟೇ ಗಡಗಡ ಎನ್ನಲಿ. ಗಿರಾಕಿಗಳು ಬೇಸರಪಡುತ್ತಾರೆ. ಪಡಲಿ.