ಟ್ರಂಕಿನೊಳಗಿನ ಗುಳಿಗೆ

ಇದು ಎರಡು ವರ್ಷದ ಹಿಂದೆ, ಕಾರಹುಣ್ಣಿಮೆ ಮುಗಿದ ವಾರ ಚಿಕ್ಕೋಡಿಯಲ್ಲಿ ನಡೆದದ್ದು. ಆದರೆ ಅದನ್ನು ಹೇಳಬೇಕೆಂದರೆ ಅದಕ್ಕೂ ಹಿಂದಿನ ನವರಾತ್ರಿಯಿಂದಲೇ ಶುರು ಮಾಡಬೇಕು.

ನಮ್ಮದು ಐನಾಪುರ. ಯಜಮಾನರು ದ್ರಾಕ್ಷಿ ಸಾಗಿಸುವ ಗಾಡಿ ಓಡಿಸುತ್ತಾರೆ. ನಾನು ಮನೆ, ಎರಡು ಎಮ್ಮೆ, ದೇವರು, ಇಷ್ಟನ್ನೇ ನೋಡಿಕೊಂಡು ಇದ್ದವಳು. ನಮ್ಮಿಬ್ಬರಿಗೂ ಎಚ್‌ಐವಿ ಇದೆ. ಯಾರಿಂದ ಯಾರಿಗೆ ಬಂತು ಎಂದು ಓದುವವರಿಗೆ ಕೇಳಬೇಕೆನಿಸಬಹುದು. ಆ ಪ್ರಶ್ನೆ ನಮ್ಮ ಮನೆಯಲ್ಲಿ ಎಂದೋ ಮುಗಿದಿದೆ, ಇಲ್ಲಿಯೂ ಮುಗಿಯಲಿ. ಮಗಳ ರಕ್ತದಲ್ಲಿ ಏನೂ ಇಲ್ಲ. ದೇವಿ ಮಾಡಿದ ಮೊದಲ ಉಪಕಾರ ಅದು. ದಿನಾ ಬೆಳಿಗ್ಗೆ ಕೈ ಮುಗಿಯುವಾಗ ಅದನ್ನೇ ಮೊದಲು ನೆನೆಯುತ್ತೇನೆ.

ಸರ್ಕಾರಿ ಆಸ್ಪತ್ರೆಯಲ್ಲಿ ಗುಳಿಗೆ ಪುಕ್ಕಟೆ ಕೊಡುತ್ತಾರೆ. "ದಿನಾ ಊಟ ಆದಮ್ಯಾಲ ಒಂದು, ತಪ್ಪಸಬಾರದು" ಎಂದು ಶುರುವಿನಲ್ಲಿ ಹೇಳಿದ್ದರು. ಯಾರ ಕಣ್ಣಿಗೂ ಬೀಳದಿರಲಿ ಎಂದು ಡಬ್ಬಿಯನ್ನು ಟ್ರಂಕಿನಲ್ಲಿ ಮದುವೆ ಸೀರೆಯ ಅಡಿಗೆ ಇಟ್ಟಿದ್ದೆ. ನವರಾತ್ರಿ ಬಂತು. ನಮ್ಮ ಮನೆಯಲ್ಲಿ ಘಟ್ಟ ಹಾಕಿ ದೇವಿಯನ್ನು ಕೂರಿಸಿದ ಮೇಲೆ ಒಂಬತ್ತು ದಿನ ನಾನು ರೊಟ್ಟಿ, ಅನ್ನ ಮುಟ್ಟುವುದಿಲ್ಲ. ಹಾಲು, ಬಾಳೆಹಣ್ಣು ಅಷ್ಟೇ. ಊಟವೇ ಇಲ್ಲವೆಂದ ಮೇಲೆ ಊಟದ ನಂತರದ ಗುಳಿಗೆ ಎಲ್ಲಿಯದು? ನುಂಗಲಿಲ್ಲ. ಒಂಬತ್ತು ದಿನ ಕಳೆದರೂ ಏನೂ ಆಗಲಿಲ್ಲ, ಮೈ ಇನ್ನೂ ಹಗುರಾದಂತೆ ಅನಿಸಿತು. ದೇವಿಯೇ ಕಾಯಿಲೆ ತೆಗೆದುಬಿಟ್ಟಳೆಂದು ನಂಬಿಕೊಂಡೆ. ದೀಪಾವಳಿ ಬಂದರೂ ಟ್ರಂಕು ತೆರೆಯಲಿಲ್ಲ. ಯಜಮಾನರು ವಾರಗಟ್ಟಲೆ ಗಾಡಿಯ ಮೇಲೆಯೇ ಇರುತ್ತಾರೆ. ಫೋನಿನಲ್ಲಿ ಕೇಳಿದಾಗೆಲ್ಲ "ತಗೊಂಡೀನಿ" ಎಂದೆ. ದೇವರ ಮನೆಯಲ್ಲಿ ದೀಪ ಹಚ್ಚುವ ಬಾಯಿಂದಲೇ ಅಷ್ಟು ಸುಳ್ಳು ಹೇಳಿದೆ.

ಸಂಕ್ರಾಂತಿಗೆ ಜ್ವರ ಹಿಡಿಯಿತು. ಬಾಯಿ ತುಂಬ ಹುಣ್ಣು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಆಸ್ಪತ್ರೆಗೆ ಹೋಗಲು ನಾಚಿಕೆ. ಗುಳಿಗೆ ಯಾಕೆ ಬಿಟ್ಟೆ ಎಂದರೆ ಏನು ಹೇಳುವುದು?

ಆಗ ಬಂದವರು ಮಂದಾ ಮಾವಶಿ. ಸಂಬಂಧಿಯಲ್ಲ, ಚಿಕ್ಕಮ್ಮ ಎಂಬಂತೆ ಎಲ್ಲರೂ ಹಾಗೆ ಕರೆಯುತ್ತಾರೆ. ನಿಪ್ಪಾಣಿ ತಾಲೂಕಿನ ಭೋಜದವರು, ಬುದ್ಧನಿಗೆ ನಡೆದುಕೊಳ್ಳುವ ಮನೆ, ತಂಬಾಕಿನ ಕೂಲಿ. ಅವರಿಗೂ ಈ ಕಾಯಿಲೆ ಇದೆ, ನನಗಿಂತ ಹಳೆಯದು. ನಮ್ಮಂಥವರೇ ಸೇರಿ ಚಿಕ್ಕೋಡಿಯಲ್ಲಿ ಕಟ್ಟಿಕೊಂಡ ಸಂಘದ ಕಾರ್ಯಕರ್ತೆ. ಗುಳಿಗೆಗೆ ಬಾರದೆ ನಿಂತವರನ್ನು ಹುಡುಕಿಕೊಂಡು ಹೋಗುವುದು, ಗುಟ್ಟು ಬಿಡದೆ ತಿಳಿಸಿ ಹೇಳುವುದು ಅವರ ಕೆಲಸ. ಬಸ್ಸು ಬದಲಿಸಿ ಬದಲಿಸಿ, ಕುಪ್ಪಸದ ಖಣ ಮಾರುವವರಂತೆ ಚೀಲ ಹೊತ್ತು ನಮ್ಮ ಓಣಿಗೆ ಬಂದರು. ಪಕ್ಕದ ಮನೆಯವರಿಗೂ ಎರಡು ಖಣ ಬಿಚ್ಚಿ ತೋರಿಸಿ, ಬೆಲೆ ಹೇಳಿ, ಆಮೇಲೆ ಒಳಗೆ ಬಂದು ಬಾಗಿಲು ಮುಂದೆ ಮಾಡಿದರು.

ನಾನು ಎಲ್ಲ ಹೇಳಿದೆ. ಅವರು ಬೈಯಲಿಲ್ಲ.

"ನಿಮ್ಮ ದೇವೀದು ನಂಗ ಗೊತ್ತಿಲ್ಲವಾ. ಆದ್ರ ಆಕಿ ಹಾಲ ಕುಡಿ ಅಂತಾಳ, ಹಣ್ಣ ತಿನ್ನು ಅಂತಾಳ. ಗುಳಿಗಿ ಬ್ಯಾಡ ಅಂತ ಯಾವಾಗ ಅಂದ್ಳು?"

"ಊಟ ಆದಮ್ಯಾಲ ಅಂತ ಹೇಳಿದ್ರಲ್ಲ ಮಾವಶಿ, ದವಾಖಾನ್ಯಾಗ."

"ನೆನಪ ಇರ್ಲಿ ಅಂತ ಹೇಳಿರ್ತಾರ. ಈ ಗುಳಿಗಿಗೆ ಊಟ ಇದ್ರೂ ಅಷ್ಟ, ಬಿಟ್ರೂ ಅಷ್ಟ. ನೀರ ಇದ್ರ ಸಾಕು. ಉಪಾಸ ನೀ ಮಾಡು. ನಿನ್ನ ಮೈಯಾಗಿನ ಹುಳ ಉಪಾಸ ಮಾಡಂಗಿಲ್ಲ."

ನಗು ಬಂತು, ಹಿಂದೆಯೇ ಅಳು ಬಂತು. ಎದ್ದು ಟ್ರಂಕು ತೆಗೆಯಲು ಹೋದೆ. ಅವರು ಕೈ ಹಿಡಿದರು. "ಹಿಂಗ ಅವಸರ ಮಾಡಿ ನುಂಗಬ್ಯಾಡ. ಮೊದಲ ಡಾಕ್ಟರ್ ನೋಡ್ಲಿ. ನಾಳೆ ನಾ ಜೋಡಿ ಬರ್ತೀನಿ."

ಬಂದರು. ಡಾಕ್ಟರ್ ನೋಡಿ ಗುಳಿಗೆ ಮತ್ತೆ ಶುರು ಮಾಡಿಸುವವರೆಗೆ ನನ್ನ ಪಕ್ಕದಲ್ಲೇ ನಿಂತರು, ಆಮೇಲೂ ಎಷ್ಟೋ ಸಲ ಚೀಲ ಹೊತ್ತು ನಮ್ಮ ಮನೆಗೆ ಬಂದರು. ಮೈಯಲ್ಲಿ ಕಸುವು ಬಂದ ಮೇಲೆ ನಾನೂ ಸಂಘದ ಸಭೆಗೆ ಹೋಗತೊಡಗಿದೆ. ಗುಳಿಗೆ ಬಿಟ್ಟು ಬಿಟ್ಟು ತೆಗೆದುಕೊಂಡರೆ ಮುಂದೆ ಅದು ನಾಟುವುದೇ ಇಲ್ಲ ಎಂಬುದು, ರಕ್ತದಲ್ಲಿ ವೈರಾಣು ಎಷ್ಟಿದೆ ಎಂದು ನೋಡುವ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬೇಕು ಎಂಬುದು, ಸಾಲಿನಲ್ಲಿ ನಮ್ಮ ಹೆಸರು ಕೂಗಬೇಡಿ, ನಂಬರಿನಿಂದ ಕರೆಯಿರಿ ಎಂದು ಬಾಯಿಬಿಟ್ಟು ಹೇಳುವುದು, ಎಲ್ಲ ಅಲ್ಲಿ ಕಲಿತದ್ದು.

ಬೇಸಿಗೆ ಮುಗಿಯುವ ಹೊತ್ತಿಗೆ ಸಂಘಕ್ಕೆ ಹೊರಗಿನಿಂದ ಬರುತ್ತಿದ್ದ ನೆರವು ನಿಂತಿತು. ಮಾವಶಿ ಮತ್ತೆ ದಿನಾ ತಂಬಾಕಿನ ಕೂಲಿಗೆ ಹೋದರು. ನನ್ನಂತೆ ಟ್ರಂಕು ಮುಚ್ಚಿ ಕುಳಿತವರ ಮನೆಗೆ ಹೋಗುವವರೇ ಇಲ್ಲವಾದರು. ಚಿಕ್ಕೋಡಿಯ ಒಂದು ಪತ್ತಿನ ಸಂಘದವರು ಪ್ರತಿ ವರ್ಷ ಲಾಭದಲ್ಲಿ ಒಂದು ಪಾಲು ಸಮಾಜಸೇವೆಗೆ ಕೊಡುತ್ತಾರೆಂದು ತಿಳಿದು ಮಾವಶಿ ಅರ್ಜಿ ಹಾಕಿದ್ದರು. ಬಂದು ಮಾತಾಡಿ ಎಂದು ಕರೆ ಬಂತು. ನಾಲ್ವರು ಹೆಂಗಸರು ಹೋದೆವು. ನಾನು ಸೆರಗು ಹೊದ್ದು ಎಲ್ಲರ ಹಿಂದೆ.

ಒಳಗೆ ಕಾಲಿಟ್ಟವಳು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ. ನಿರ್ದೇಶಕರ ಖುರ್ಚಿಯಲ್ಲಿ ನಮ್ಮೂರಿನ ಅಣ್ಣಾಸಾಬ ಕಾಕಾ ಕುಳಿತಿದ್ದರು. ನನ್ನ ಯಜಮಾನರು ಸಾಗಿಸುವುದು ಅವರ ತೋಟದ ದ್ರಾಕ್ಷಿಯನ್ನೇ. ಅವರ ಹೆಂಡತಿ ಕಾಕೂ ನಮ್ಮ ಶುಕ್ರವಾರದ ಭಜನೆಯಲ್ಲಿ ಎಲ್ಲರಿಗೂ ಕುಂಕುಮ ಹಚ್ಚುವವರು.

"ಏನವಾ, ನೀ ಇಲ್ಲಿ?" ಎಂದರು ಕಾಕಾ.

"ಇವರ ಜೋಡಿ ಬಂದೀನ್ರಿ" ಎಂದು ಗೋಡೆಗೆ ಆತು ನಿಂತೆ.

ಅಧ್ಯಕ್ಷರು ಅರ್ಜಿ ತಿರುವಿ ಹಾಕಿದರು. "ಗುಳಿಗಿ ಪುಕ್ಕಟೆ, ಡಾಕ್ಟರ್ ಪುಕ್ಕಟೆ, ಈಗ ಹೆಣ್ಣಮಕ್ಕಳಿಗೆ ಬಸ್ಸೂ ಪುಕ್ಕಟೆ. ಮತ್ತ ರೊಕ್ಕ ಯಾತಕ್ರಿ? ಮಂದಿ ಮನಿಗೆ ಹೋಗಿ ಚಾ ಕುಡದು ಮಾತಾಡಾಕ?"

ಎಲ್ಲರೂ ನಕ್ಕರು. ಮಾವಶಿ ಶಾಂತವಾಗಿ, "ಒಂದು ದಿವಸ ಹೋದ್ರ ಒಂದು ದಿವಸದ ಕೂಲಿ ತಪ್ಪತೈತಿ ಸಾಹೇಬ್ರ" ಎಂದರು. ಇನ್ನೊಬ್ಬರು, "ಅದಕ್ಕಿಂತ ದವಾಖಾನ್ಯಾಗ ಬ್ರೆಡ್ಡು, ಹಣ್ಣು ಹಂಚೂಣು. ಒಂದು ಫೋಟೋನೂ ಆಗತೈತಿ" ಎಂದರು. ಅಣ್ಣಾಸಾಬ ಕಾಕಾ ತಲೆಯಾಡಿಸಿದರು. "ಹಂಗ ಮಾಡ್ರಿ. ಐನಾಪುರ ಕಡೆ ಅಂತೂ ಇಂಥಾವ್ರು ಯಾರೂ ಇಲ್ಲ."

ನನಗೆ ಏನಾಯಿತೋ ಗೊತ್ತಿಲ್ಲ. ಮಗಳ ಮುಖ ಕಣ್ಣ ಮುಂದೆ ಬಂತು, ಯಜಮಾನರ ಗಾಡಿ ಬಂತು, ಭಜನೆಯ ಮನೆ ಬಂತು. ಅಷ್ಟೆಲ್ಲ ಬಂದರೂ ಬಾಯಿ ನಿಲ್ಲಲಿಲ್ಲ.

"ಐನಾಪುರದಾಗ ನಾನ ಅದೀನ್ರಿ ಕಾಕಾ" ಎಂದೆ.

ಅಧ್ಯಕ್ಷರು, "ಕೂಡ್ರವಾ, ಕೂಡ್ರು" ಎಂದರು.

"ಕೂಡೂದಿಲ್ರಿ. ಗುಳಿಗಿ ಪುಕ್ಕಟೆ ಅಂದ್ರಿ. ಹೌದು, ಸರ್ಕಾರ ಕೊಟ್ಟಿತ್ತು, ನನ್ನ ಟ್ರಂಕಿನಾಗ ಇದ್ದುವು. ನವರಾತ್ರಿಯಿಂದ ಸಂಕ್ರಾಂತಿ ತನಕಾ ಅಲ್ಲೇ ಇದ್ದುವು. ಟ್ರಂಕಿನಿಂದ ನನ್ನ ಬಾಯಿಗೆ ಬರಾಕ ಈ ಮಾವಶಿ ಬೇಕಾತು. ಈಕಿ ಕೂಲಿ ಬಿಟ್ಟು, ನನ್ನ ಮನ್ಯಾಗ ಚಾ ಕುಡದು ಮಾತಾಡಿದ್ದಕ್ಕ ನಾ ಇಲ್ಲಿ ನಿಂತೀನಿ. ಬ್ರೆಡ್ಡು ಬ್ಯಾಡ್ರಿ. ನಾ ದಿನಾ ಹತ್ತು ರೊಟ್ಟಿ ಬಡೀತೀನಿ."

ಯಾರೂ ನಗಲಿಲ್ಲ. ಕಾಕಾ ಅರ್ಜಿಯ ಹಾಳೆಯಿಂದ ಕಣ್ಣೆತ್ತಲಿಲ್ಲ. "ವಿಚಾರ ಮಾಡ್ತೀವಿ" ಎಂದು ಅಧ್ಯಕ್ಷರು ನಮ್ಮನ್ನು ಕಳಿಸಿದರು.

ಬಸ್ ನಿಲ್ದಾಣದಲ್ಲಿ ಮಾವಶಿ ನನ್ನ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು, "ಛಲೋ ಮಾಡಿದಿ ಪೋರಿ. ನಿಮ್ಮ ಓಣಿಗೆ ಬರಾಕ ಇನ್ನ ಆ ಖಣದ ಚೀಲ ಹೊರೂದು ತಪ್ಪಿತು" ಎಂದರು. ಯಜಮಾನರಿಗೆ ಫೋನು ಮಾಡಿ ಹೇಳಿದೆ. ಅವರು, "ಮಾಲು ಬ್ಯಾರೆ ತೋಟದ್ದೂ ಸಿಗತೈತಿ. ನೀ ಉಂಡು ಗುಳಿಗಿ ತಗೊ" ಎಂದರು. ಇದು ಎರಡನೆಯ ಉಪಕಾರ.

ಶುಕ್ರವಾರ ಎಂದಿನಂತೆ ತಾಳ ಹಿಡಿದು ಭಜನೆಗೆ ಹೋದೆ. ನನ್ನ ಜಾಗದಲ್ಲೇ ಕುಳಿತೆ. ಪಕ್ಕದವರು ಒಂದು ಗೇಣು ಸರಿದರು. ನಾನು ಸರಿಯಲಿಲ್ಲ. ಕೊನೆಗೆ ಕಾಕೂ ಎಲ್ಲರ ಹಣೆಗೂ ಕುಂಕುಮ ಹಚ್ಚುತ್ತ ಬಂದು, ನನ್ನ ಹತ್ತಿರ ಬಂದಾಗ ಬಟ್ಟಲನ್ನು ನೆಲದ ಮೇಲೆ ಇಟ್ಟು ಹಿಂದೆ ಸರಿದರು. ನಾನೇ ತೆಗೆದುಕೊಂಡು ಹಚ್ಚಿಕೊಂಡೆ, ದಿನದ್ದಕ್ಕಿಂತ ದೊಡ್ಡದಾಗಿ. ದೇವಿಯ ಕುಂಕುಮ ಅದು, ಕಾಕೂನದಲ್ಲ. ಮುಂದಿನ ಶುಕ್ರವಾರವೂ ಹೋದೆ. ಅದರ ಮುಂದಿನದ್ದಕ್ಕೂ ಹೋದೆ.

ಪತ್ತಿನ ಸಂಘದಿಂದ ಕಾಗದ ಬಂತು. ಕೇಳಿದ್ದರಲ್ಲಿ ಅರ್ಧ. ಒಬ್ಬ ಕಾರ್ಯಕರ್ತೆಗೆ ಒಂದು ವರ್ಷದ ಗೌರವಧನ. ಮಾವಶಿ ಮತ್ತೆ ಊರೂರು ಹೊರಟರು. ಉಳಿದರ್ಧಕ್ಕೆ ನಾವು ಪ್ರತಿ ವರ್ಷ ಅದೇ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೇವೆ, ಮುಂದೆಯೂ ನಿಲ್ಲುತ್ತೇವೆ.

ಶ್ರಾವಣದ ಒಂದು ಮಧ್ಯಾಹ್ನ ಎಮ್ಮೆಗೆ ನೀರು ಇಡುತ್ತಿದ್ದೆ. ಕಾಕೂ ಒಬ್ಬರೇ ಬಂದು ಬಾಗಿಲಲ್ಲಿ ನಿಂತರು. ಅತ್ತ ಇತ್ತ ನೋಡಿ, "ಆ ಮಾವಶಿ ಮತ್ತ ಯಾವಾಗ ಬರ್ತಾಳ? ನಮ್ಮ ತವರಮನಿ ಕಡೆ ಒಂದು ಹುಡುಗಿ ಐತಿ. ಗುಳಿಗಿ ಬಿಟ್ಟು ಹಾಸಿಗಿ ಹಿಡದಾಳ" ಎಂದರು. ಕಣ್ಣು ತುಂಬಿತ್ತು.

"ಮಾವಶಿ ಯಾಕ್ರಿ, ನಾನ ಬರ್ತೀನಿ" ಎಂದೆ. "ಮೊದಲ ನಂಗ ಕುಂಕುಮ ಹಚ್ರಿ."

ಅವರು ನಿಂತೇ ಇದ್ದರು. ನಾನೂ ನಿಂತೇ ಇದ್ದೆ. ಆಮೇಲೆ ಒಳಗೆ ಬಂದು, ನಮ್ಮ ದೇವರ ಜಗಲಿಯಿಂದ ಕುಂಕುಮ ತೆಗೆದು ನನ್ನ ಹಣೆಗೆ ಹಚ್ಚಿದರು. ಬೆರಳು ತಣ್ಣಗಿತ್ತು. ನಾನು ಒಲೆಗೆ ಚಾ ಇಟ್ಟೆ. ಕುಡಿದೇ ಹೋದರು.

ಆ ಹುಡುಗಿ ಈಗ ಆರಾಮಾಗಿದ್ದಾಳೆ. ಕಾಕಾ ಇನ್ನೂ ನನ್ನ ಜೊತೆ ಮಾತಾಡುವುದಿಲ್ಲ, ಆದರೆ ಮಾಲು ನಮ್ಮ ಗಾಡಿಯಲ್ಲೇ ಹೋಗುತ್ತದೆ. ಅದನ್ನೂ ಉಪಕಾರದ ಲೆಕ್ಕಕ್ಕೇ ಹಿಡಿದಿದ್ದೇನೆ. ನವರಾತ್ರಿಗೆ ಇಂದಿಗೂ ಘಟ್ಟ ಹಾಕುತ್ತೇನೆ, ಒಂಬತ್ತು ದಿನ ರೊಟ್ಟಿ ಮುಟ್ಟುವುದಿಲ್ಲ. ಸಂಜೆ ದೀಪ ಹಚ್ಚಿ, ದೇವಿಯ ಎದುರಿಗೇ ಹಾಲಿನ ಜೊತೆ ಗುಳಿಗೆ ನುಂಗುತ್ತೇನೆ. ಡಬ್ಬಿ ದೇವರ ಜಗಲಿಯ ಮೇಲೆ, ಕುಂಕುಮದ ಬಟ್ಟಲಿನ ಪಕ್ಕದಲ್ಲೇ ಇರುತ್ತದೆ. ಬಂದವರು ನೋಡಿದರೆ ನೋಡಲಿ. ಟ್ರಂಕಿನಲ್ಲಿ ಈಗ ಸೀರೆ ಮಾತ್ರ ಇದೆ.