ಕಂಡಕ್ಟರಮ್ಮನ ಕಾಲ್ನಡಿಗೆ ಬಸ್ಸು

ಕಂಡಕ್ಟರಮ್ಮ ರಿಟೈರ್ ಆದಳು, ಮನೆಯವರ ನೆಮ್ಮದಿ ಕೆಟ್ಟಿತು. ಆಯುಷ್ಯವೆಲ್ಲ ಸಿಟಿ ಬಸ್ಸಿನಲ್ಲಿ ಜನರನ್ನು ಹತ್ತಿಸಿ ಇಳಿಸಿದವಳು ಕೈಕಟ್ಟಿ ಕೂರುವುದುಂಟೇ? ಮಗ ಅಡುಗೆಮನೆಯ ಹೊಸ್ತಿಲಲ್ಲಿ ನಿಂತರೆ, "ಬಾಗ್ಲಲ್ಲಿ ನಿಲ್ಬೇಡಿ, ಒಳಗೆ ಹೋಗಿ, ಜಾಗ ಖಾಲಿ ಇದೆ" ಎನ್ನುತ್ತಿದ್ದಳು. ಸೊಸೆ ಪಾತ್ರೆ ತೊಳೆಯುತ್ತಲೇ ನಕ್ಕು ನಕ್ಕು ಸುಸ್ತಾಗುತ್ತಿದ್ದಳು.

ಅವರ ಮನೆ ಲಾಡ್ಜುಗಳ ಬೀದಿಯಲ್ಲಿ, ಎರಡನೇ ಮಹಡಿ. ದೇಶ ನೋಡಲು ಹೊರಟವರೆಲ್ಲ ತಂಗುವುದು ಅಲ್ಲೇ. ಹಗಲು ಆ ಬೀದಿ ಮದುವೆಮನೆಯ ಹಾಗೆ ಗಿಜಿಗುಡುತ್ತಿತ್ತು. ಕತ್ತಲಾದ ಮೇಲೆ ಮಾತ್ರ ಬಸ್‌ಸ್ಟಾಪಿನಿಂದ ಬರುವ ದಾರಿಯಲ್ಲಿ, ಹಳೇ ಗೋದಾಮಿನ ಉದ್ದ ಗೋಡೆಯ ಪಕ್ಕ, ನಾಯಿಯೂ ಒಂಟಿಯಾಗಿ ಓಡಾಡಲು ಯೋಚಿಸುತ್ತಿತ್ತು.

ಒಂದು ರಾತ್ರಿ ಒಣಗಿದ ಬಟ್ಟೆ ತೆಗೆಯಲು ಕಂಡಕ್ಟರಮ್ಮ ಬಾಲ್ಕನಿಗೆ ಬಂದಳು. ಕೆಳಗೆ ಆ ಗೋಡೆಯ ಹತ್ತಿರ, ಬೆನ್ನಿಗೆ ದೊಡ್ಡ ಚೀಲ ಹೊತ್ತ ಹುಡುಗಿಯೊಬ್ಬಳಿಗೆ ಇಬ್ಬರು ಅಡ್ಡ ನಿಂತಿದ್ದರು. ಒಬ್ಬ ಚೀಲದ ಪಟ್ಟಿ ಹಿಡಿದೆಳೆಯುತ್ತಿದ್ದ. ಯೋಚಿಸುವ ಮೊದಲೇ ಗಂಟಲು ತನ್ನ ಕೆಲಸ ಮಾಡಿತ್ತು.

"ಹೋಲ್ಡಾನ್!"

ಬೀದಿಯ ಕಿಟಕಿಗಳೆಲ್ಲ ಪಟಪಟನೆ ತೆರೆದುಕೊಂಡವು. ಇಬ್ಬರೂ ಕಾಲಿಗೆ ಬುದ್ಧಿ ಹೇಳಿದರು. ಕಂಡಕ್ಟರಮ್ಮ ಮೆಟ್ಟಿಲಿಳಿದು ಹೋಗುವಷ್ಟರಲ್ಲಿ ಹುಡುಗಿ ಚೀಲವನ್ನು ಎದೆಗವಚಿಕೊಂಡು ಗೋಡೆಗೆ ಒರಗಿದ್ದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ಲಾಡ್ಜಿನ ಬಾಗಿಲು ಬರುವವರೆಗೆ ಆ ಹುಡುಗಿ ಇವಳ ಕೈ ಬಿಡಲಿಲ್ಲ.

ಬೆಳಗ್ಗೆ ಕಂಡಕ್ಟರಮ್ಮ ಘೋಷಿಸಿದಳು, "ಇವತ್ತಿಂದ ಡ್ಯೂಟಿಗೆ ಹೋಗ್ತೀನಿ."

"ಯಾವ ಡ್ಯೂಟಿ ಅತ್ತೆ? ರಿಟೈರ್ ಆಗಿದೀರಲ್ಲ!"

"ಬಸ್ಸಿಂದ ಆಗಿದೀನಿ, ಬೀದಿಯಿಂದ ಆಗಿಲ್ಲ."

"ಮಂಡಿನೋವು?"

"ಅದನ್ನೂ ಜೊತೆಗೇ ಕರ್ಕೊಂಡು ಹೋಗ್ತೀನಿ."

ಕೊನೆಯ ಬಸ್ಸು ಬರುವ ಹೊತ್ತಿಗೆ ಟಾರ್ಚು ಹಿಡಿದು ಸ್ಟಾಪಿನಲ್ಲಿ ನಿಂತಳು. ಮುದುಕಿಯನ್ನು ಒಬ್ಬಳೇ ಬಿಡಲಾರದೆ ಸೊಸೆಯೂ ಗೊಣಗುತ್ತ ಹಿಂದೆ ಬಂದಳು. ಇಳಿದ ಪ್ರವಾಸಿಗರನ್ನೆಲ್ಲ ಗುಂಪು ಮಾಡಿ, ಚೀಲಗಳನ್ನು ಎದೆಯ ಕಡೆಗೆ ತಿರುಗಿಸಿ, ಫೋನುಗಳನ್ನು ಜೇಬಿಗೆ ಸೇರಿಸಿ, ಕುಡಿದು ತೂರಾಡುವವರನ್ನು ನಡುವೆ ನಿಲ್ಲಿಸಿ, "ರೈಟ್, ರೈಟ್!" ಎಂದಳು. ಮೆರವಣಿಗೆ ಹೊರಟಿತು.

ಲಾಡ್ಜಿನ ಮ್ಯಾನೇಜರು ಮೊದಲು ಗೇಲಿ ಮಾಡಿದ. "ಏನಮ್ಮಾ, ಟಿಕೆಟ್ ಎಷ್ಟು?"

"ಈ ಬಸ್ಸಿಗೆ ಟಿಕೆಟ್ಟೂ ಇಲ್ಲ, ಸೀಟೂ ಇಲ್ಲ. ಹೊರಗಡೆ ಒಂದು ಲೈಟು ಹಾಕ್ಸಪ್ಪ, ಪುಣ್ಯ ಬರುತ್ತೆ."

ವಾರದೊಳಗೆ ಲೈಟು ಬಂತು. ಅದನ್ನು ನೋಡಿ ಎದುರಿನ ಕ್ಷೌರಿಕ ತನ್ನ ಅಂಗಡಿಯ ದೀಪವನ್ನೂ ರಾತ್ರಿಯಿಡೀ ಉರಿಸತೊಡಗಿದ. ಮಧ್ಯಾಹ್ನವೇ ಊರು ಸೇರಿದವರು ಕೂಡ ಮೋಜಿಗೆಂದು ಸ್ಟಾಪಿಗೆ ಹೋಗಿ ಮೆರವಣಿಗೆ ಸೇರುತ್ತಿದ್ದರು.

ಒಂದು ರಾತ್ರಿ ಇಡೀ ಬಡಾವಣೆಯ ಕರೆಂಟು ಹೋಯಿತು. ಅವತ್ತೇ ಗುಂಪೂ ದೊಡ್ಡದು. ಕತ್ತಲೆಂದರೆ ಕಣ್ಣಿಗೆ ಕೈ ಕಾಣದಷ್ಟು ಕತ್ತಲು. "ಎಲ್ಲರೂ ಮುಂದಿನವರ ಹೆಗಲು ಹಿಡ್ಕೊಳ್ಳಿ!" ಎಂದು ಸೊಸೆ ಮುಂದಿನಿಂದ ಕೂಗಿ, ಹಿಂದಿದ್ದವರ ಕೈ ಎಳೆದು ತನ್ನ ಹೆಗಲ ಮೇಲಿಟ್ಟುಕೊಂಡಳು. ಯಾರೋ ತಮ್ಮೂರಿನ ಹಾಡು ಎತ್ತಿದರು. ಪದ ತಿಳಿಯದವರು ಹೆಜ್ಜೆಯಲ್ಲೇ ತಾಳ ಹಾಕಿದರು. ಹಿಂದಿನಿಂದ ಬರುತ್ತಿದ್ದ ಕಂಡಕ್ಟರಮ್ಮನ ಟಾರ್ಚಿಗೆ ಮಾತ್ರ ಬೇರೇನೋ ಕಂಡಿತು: ಚೀಲವಿಲ್ಲದ ಒಬ್ಬ, ಅವನ ಬೆರಳು ಪಕ್ಕದವನ ಚೀಲದ ಜಿಪ್ಪಿನ ಮೇಲೆ. ತುಂಬಿದ ಬಸ್ಸಿನಲ್ಲಿ ಇಂಥ ಬೆರಳುಗಳನ್ನು ಅವಳು ಬೇಕಾದಷ್ಟು ನೋಡಿದ್ದಳು. ಲಬಕ್ಕನೆ ಮಣಿಕಟ್ಟು ಹಿಡಿದಳು.

"ಕೈ ಖಾಲಿ ಇದೆಯಾ ಮಗನೇ? ತಗೋ." ಅಲ್ಲಿದ್ದುದರಲ್ಲೇ ಭಾರವಾದ ಸೂಟ್‌ಕೇಸನ್ನು ಅವನ ತಲೆಗೇರಿಸಿದಳು.

ಸುತ್ತಲೂ ಜನ, ಓಡುವುದೆಲ್ಲಿಗೆ? ಲಾಡ್ಜಿನವರೆಗೂ ಬೆವರು ಸುರಿಸುತ್ತ ಹೊತ್ತ. ಸೂಟ್‌ಕೇಸಿನ ಒಡತಿಗೆ ಇವನು ಕಳ್ಳನೆಂದು ಏನು ಗೊತ್ತು? ಅವನ ಎರಡೂ ಕೈ ಹಿಡಿದು ಕುಲುಕಿ, ಬೆನ್ನು ತಟ್ಟಿದಳು. ಅವನು ನಾಚಿ ನೀರಾದ.

"ಹೋಗ್ಲಾ ಅಮ್ಮಾ?"

"ಹೋಗು. ನಾಳೆ ಬಂದ್ರೆ ಎರಡು ಹೊರಿಸ್ತೀನಿ."

ಅವನು ಕತ್ತಲಲ್ಲಿ ಮಾಯವಾದ. ಸೊಸೆ ಲಾಡ್ಜಿನ ಮೆಟ್ಟಿಲ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತೆಯೂ ಪಕ್ಕದಲ್ಲಿ ಕೂತಳು. ಕಣ್ಣೊರೆಸಿಕೊಳ್ಳುತ್ತ ಸೊಸೆ ಅವಳ ಮಂಡಿ ನೀವಿದಳು.

"ಅತ್ತೆ, ನಾಳೆ ನೀವು ಮುಂದೆ ನಡೀರಿ. ಹಿಂದೆ ಇಷ್ಟೊಂದು ಮಜಾ ಇರುತ್ತೆ ಅಂತ ನನಗೆ ಗೊತ್ತಿರಲಿಲ್ಲ."